ಹುಲಿ ಹೆಚ್ಚಿದ ಕಥೆ ಮತ್ತು ಅದನ್ನು ಮಾರುವವರು

2023ರ ಎಪ್ರಿಲ್ 9ರಂದು ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ನಡೆದ ಸಮಾರಂಭದಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ದೇಶದ ಹುಲಿಗಳ ಲೆಕ್ಕವನ್ನು ಬಿಡುಗಡೆ ಮಾಡಿದರು. ಹುಲಿ ಯೋಜನೆಗೆ ಐವತ್ತು ವರ್ಷ ತುಂಬಿದ ಸಂದರ್ಭವದು. ಕನಿಷ್ಠ 3167 ಹುಲಿಗಳಿವೆ ಎಂದು ಅಂದು ಪ್ರಕಟಿಸಲಾಯಿತು. ಅದೇ ಜುಲೈಯಲ್ಲಿ ವಿವರವಾದ ವರದಿ ಬಂದಾಗ ಸರಾಸರಿ ಅಂದಾಜು 3682ಕ್ಕೆ ಏರಿತು. ಇದರಲ್ಲಿ ಕರ್ನಾಟಕದ ಪಾಲು 563. 2006ರಲ್ಲಿ ಇದೇ ರಾಜ್ಯದಲ್ಲಿದ್ದ ಹುಲಿಗಳು 290 ಎಂಬುದನ್ನು ನೆನೆದರೆ ಇದು ಸಣ್ಣ ಸಾಧನೆಯಲ್ಲ. ಮೈಸೂರಿಗೆ ಹತ್ತಿರದ ಬಂಡೀಪುರದಲ್ಲಿ 150, ನಾಗರಹೊಳೆಯಲ್ಲಿ 141 ಹುಲಿಗಳನ್ನು ಆ ವರದಿ ಲೆಕ್ಕ ಹಾಕಿದೆ.

ಇಂತಹ ಸಿಹಿಸುದ್ದಿ ಸರಕಾರದ ಕಡತದಲ್ಲಷ್ಟೇ ಉಳಿಯುವುದಿಲ್ಲ. ರೆಸಾರ್ಟಿನ ಕರಪತ್ರ, ಕಂಪೆನಿಯ ಕ್ಯಾಲೆಂಡರು, ವಾರ್ಷಿಕ ವರದಿಯ ಮುಖಪುಟ, ಹೆದ್ದಾರಿ ಬದಿಯ ಫಲಕ ಎಲ್ಲೆಡೆಯೂ ಹುಲಿಯ ಮುಖ ಕಾಣಿಸಿಕೊಳ್ಳುತ್ತದೆ. ಹುಲಿವೇಷದ ಸೀಮೆಯವರಾದ ನಮಗೆ ಹುಲಿಯ ಮುಖಕ್ಕಿರುವ ಸೆಳೆತವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಕಾಡು ಉಳಿದ ಕಥೆಯನ್ನು ಸರಕು ಮಾರಲು ಬಳಸುವಾಗ ಆ ಕಥೆಯ ಯಾವ ಭಾಗ ಜಾಹೀರಾತಿಗೆ ಬರುತ್ತದೆ, ಯಾವ ಭಾಗ ಹೊರಗೆ ಉಳಿಯುತ್ತದೆ ಎಂದು ಕೇಳಿಕೊಳ್ಳುವುದು ಒಳ್ಳೆಯದು.

2010ರ ಆರಂಭದಲ್ಲಿ ಟಿ.ವಿ. ನೋಡುತ್ತಿದ್ದವರಿಗೆ ಒಂದು ಜಾಹೀರಾತು ನೆನಪಿರಬಹುದು. ಹುಲಿಮರಿಯೊಂದು ತಾಯಿಗಾಗಿ ಕಾಯುತ್ತಾ ಕುಳಿತಿದೆ. ದೇಶದಲ್ಲಿ ಉಳಿದಿರುವುದು ಬರೇ 1411 ಹುಲಿಗಳು ಎಂಬ ಮಾತು ಕೇಳಿಬರುತ್ತದೆ. ಏರ್‌ಸೆಲ್ ಎಂಬ ಮೊಬೈಲ್ ಕಂಪೆನಿ ಡಬ್ಲ್ಯುಡಬ್ಲ್ಯುಎಫ್ ಸಂಸ್ಥೆಯ ಜೊತೆಗೂಡಿ ನಡೆಸಿದ ಆಂದೋಲನವದು. ಕ್ರಿಕೆಟಿಗ ಧೋನಿಯೂ ಅದರಲ್ಲಿ ಕಾಣಿಸಿಕೊಂಡಿದ್ದರು. 1411 ಎಂಬ ಅಂಕಿ ಶಾಲಾ ಮಕ್ಕಳ ಬಾಯಿಗೂ ಬಂದದ್ದು ನಿಜ, ಅಷ್ಟರಮಟ್ಟಿಗೆ ಉಪಕಾರವೇ ಆಯಿತು. 2018ರಲ್ಲಿ ಏರ್‌ಸೆಲ್ ದಿವಾಳಿಯಾಯಿತು. ಅದೇ 2018ರ ಗಣತಿಯಲ್ಲಿ ಹುಲಿಗಳು 2967 ಆಗಿದ್ದವು! ಹುಲಿ ಉಳಿದದ್ದು ಮೊಬೈಲ್ ಕಂಪೆನಿಯಿಂದಲ್ಲ, ಕಾಡಿನಲ್ಲಿ ಹಗಲಿರುಳು ನಡೆದಾಡಿದ ಗಾರ್ಡುಗಳು, ವಾಚರುಗಳು, ದಿನಗೂಲಿಯವರು ಮತ್ತು ಕಾನೂನಿನ ಬಲದಿಂದ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಅಂದು ಮಾರಾಟಕ್ಕೆ ಬಂದದ್ದು ಆತಂಕ, ಇಂದು ಬರುತ್ತಿರುವುದು ಯಶಸ್ಸು. ವ್ಯಾಪಾರಿಯ ದೃಷ್ಟಿಯಿಂದ ನೋಡಿದರೆ ಯಶಸ್ಸು ಇನ್ನೂ ಸುಲಭದ ಸರಕು. ಆತಂಕವನ್ನು ತೋರಿಸಿದವನನ್ನು ಜನ 'ನೀನೇನು ಮಾಡಿದೆ?' ಎಂದು ಕೇಳುತ್ತಾರೆ. ಯಶಸ್ಸನ್ನು ತೋರಿಸಿದವನನ್ನು ಹಾಗೆ ಕೇಳುವುದಿಲ್ಲ. ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡರೆ ಅವನೂ ಪಾಲುದಾರನೆಂದೇ ನಂಬುತ್ತಾರೆ.

ಹಾಗೆಂದು ಕಂಪೆನಿಗಳ ನೆರವೆಲ್ಲ ಬೂಟಾಟಿಕೆ ಎಂದು ನಾವು ಹೇಳುತ್ತಿಲ್ಲ. ಮೈಸೂರಿನಲ್ಲಿಯೇ ಒಳ್ಳೆಯ ಉದಾಹರಣೆಯಿದೆ. 1892ರಲ್ಲಿ ಸ್ಥಾಪನೆಯಾದ ಶ್ರೀ ಚಾಮರಾಜೇಂದ್ರ ಮೃಗಾಲಯವನ್ನು ಕಾಣದ ಶಾಲಾ ಮಕ್ಕಳು ನಮ್ಮ ಕರಾವಳಿಯಲ್ಲಿ ಕಡಿಮೆ. ಅಲ್ಲಿ 2001ರಿಂದ ಪ್ರಾಣಿಗಳನ್ನು ದತ್ತು ಪಡೆಯುವ ಯೋಜನೆಯಿದೆ. ನಿಗದಿತ ಮೊತ್ತ ಕಟ್ಟಿದರೆ ಒಂದು ಅವಧಿಯವರೆಗೆ ಆ ಪ್ರಾಣಿಯ ಮೇವು, ಆಹಾರದ ಖರ್ಚನ್ನು ನೀವು ಹೊತ್ತಂತೆ. ನಿಮ್ಮ ಹೆಸರು ಫಲಕದಲ್ಲಿ ಬರುತ್ತದೆ, ಆದಾಯ ತೆರಿಗೆಯಲ್ಲಿ ರಿಯಾಯಿತಿಯೂ ಇದೆ. ಮಕ್ಕಳ ಹುಟ್ಟುಹಬ್ಬಕ್ಕೆ ಪಕ್ಷಿಯನ್ನು ದತ್ತು ಪಡೆಯುವ ಸಾಮಾನ್ಯ ಕುಟುಂಬದಿಂದ ಹಿಡಿದು ದೊಡ್ಡ ಕಂಪೆನಿಗಳವರೆಗೆ ಎಲ್ಲರೂ ಇದರಲ್ಲಿದ್ದಾರೆ. 2020ರ ಲಾಕ್‌ಡೌನಿನಲ್ಲಿ ಟಿಕೆಟಿನ ಆದಾಯ ನಿಂತುಹೋದಾಗ ಮೃಗಾಲಯದ ಕೈಹಿಡಿದವರು ಇಂತಹ ದಾನಿಗಳೇ. ಮರುವರ್ಷ ಜರ್ಮನಿಯಿಂದ ಗೊರಿಲ್ಲಾಗಳು ಬಂದಾಗ ಅವುಗಳ ಮನೆ ಸಿದ್ಧವಾಗಿದ್ದದ್ದು ಇನ್ಫೋಸಿಸ್ ಫೌಂಡೇಷನ್ನಿನ ನೆರವಿನಿಂದ.

ನಮ್ಮ ಚರ್ಚುಗಳ ಬೆಂಚುಗಳ ಮೇಲೂ ದಾನಿಗಳ ಹೆಸರಿರುತ್ತದೆಯಾದ್ದರಿಂದ ಫಲಕದಲ್ಲಿ ಹೆಸರು ಹಾಕಿಸುವುದೇ ತಪ್ಪೆಂದು ನಾವು ಹೇಳುವಂತಿಲ್ಲ. ಮೃಗಾಲಯದ ಫಲಕದಲ್ಲಿ ನಾವು ಮೆಚ್ಚುವುದು ಅದರ ಸ್ಪಷ್ಟತೆಯನ್ನು. ಯಾರು, ಯಾವ ಪ್ರಾಣಿಗೆ ಕೊಟ್ಟರು ಎಂಬುದು ನೋಡುವವನ ಕಣ್ಣೆದುರೇ ಇದೆ. ತೊಡಕಾಗುವುದು ಇದೇ ಕಂಪೆನಿ ತನ್ನ ಜಾಹೀರಾತಿನಲ್ಲಿ 'ನಾವು ಹುಲಿಯನ್ನು ಉಳಿಸಿದ್ದೇವೆ' ಎಂದು ಬರೆದಾಗ. ಮೃಗಾಲಯದ ಹುಲಿಗೆ ಒಂದು ವರ್ಷ ಮಾಂಸ ಕೊಡಿಸುವುದೂ ನಾಗರಹೊಳೆಯಲ್ಲಿ ಹುಲಿಯ ಸಂತತಿ ಹೆಚ್ಚುವುದೂ ಬೇರೆ ಬೇರೆ ಸಂಗತಿಗಳು. ಮೊದಲನೆಯದಕ್ಕೆ ಹಣ ಸಾಕು. ಎರಡನೆಯದಕ್ಕೆ ನೆಲ ಬೇಕು, ಜಿಂಕೆ ಕಡವೆಗಳು ಬೇಕು, ಮತ್ತು ಆ ನೆಲದ ಅಂಚಿನಲ್ಲಿ ಬದುಕುವವರ ಸಹನೆ ಬೇಕು.

ಆ ನೆಲ ಎಂತಹುದೆಂದು ತಿಳಿಯಲು ಮೈಸೂರಿನಿಂದ ಎಚ್.ಡಿ. ಕೋಟೆಯ ದಾರಿ ಹಿಡಿಯಬೇಕು. ಇಂದು 'ಕಬಿನಿ' ಎಂದರೆ ಪ್ರವಾಸೋದ್ಯಮದಲ್ಲಿ ದೊಡ್ಡ ಹೆಸರು. ಹಿಂದೆ ಇಲ್ಲಿನ ಕಾಕನಕೋಟೆಯಲ್ಲಿ ಮಹಾರಾಜರ ಕಾಲದ ಆನೆ ಖೆಡ್ಡಾ ನಡೆಯುತ್ತಿತ್ತು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. 1974ರ ವೇಳೆಗೆ ಅಣೆಕಟ್ಟು ಕಟ್ಟಿ ಮುಗಿಯಿತು, ಕಾಡೂ ಊರುಗಳೂ ನೀರಿನಡಿ ಸೇರಿದವು. 1980ರಲ್ಲಿ ಆರಂಭವಾದ ಸರಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಕಾರಾಪುರದ ಹಳೆಯ ಬೇಟೆ ಬಂಗಲೆಯಲ್ಲಿ ಅತಿಥಿಗಳನ್ನು ಇಳಿಸಿಕೊಳ್ಳತೊಡಗಿತು. ಆಮೇಲೆ ಹಿನ್ನೀರಿನ ದಡದುದ್ದಕ್ಕೂ ಖಾಸಗಿ ರೆಸಾರ್ಟುಗಳು ಎದ್ದವು. ಇಲ್ಲಿಯ ಕಪ್ಪು ಚಿರತೆಯ ಚಿತ್ರಗಳು ಲೋಕಪ್ರಸಿದ್ಧವಾದ ಮೇಲಂತೂ ಒಂದೇ ಒಂದು ಪ್ರಾಣಿ ಇಡೀ ಪ್ರದೇಶದ ಲಾಂಛನವಾಗಿಬಿಟ್ಟಿತು. ಅದಕ್ಕೆ ಯಾರೂ ಸಂಭಾವನೆ ಕೊಡಬೇಕಾಗಿಲ್ಲವಷ್ಟೆ.

ಇದೇ ಪ್ರದೇಶದಲ್ಲಿ 2025ರ ಅಕ್ಟೋಬರ್ ಕೊನೆಯಿಂದ ನವೆಂಬರ್ ಮೊದಲ ವಾರದೊಳಗೆ ಸರಗೂರು ಸುತ್ತಿನ ಕಾಡಂಚಿನ ಹಳ್ಳಿಗಳಲ್ಲಿ ಮೂವರು ರೈತರು ಹುಲಿ ದಾಳಿಗೆ ಬಲಿಯಾದರು. ಜನ ಬೀದಿಗಿಳಿದರು. ನವೆಂಬರ್ 7ರಂದು ಅರಣ್ಯ ಸಚಿವ ಈಶ್ವರ ಖಂಡ್ರೆಯವರು ಬಂಡೀಪುರ ಮತ್ತು ನಾಗರಹೊಳೆಯ ಸಫಾರಿಗಳನ್ನು ನಿಲ್ಲಿಸಲು ಆದೇಶಿಸಿ, ಸಫಾರಿಯ ಸಿಬ್ಬಂದಿ ಮತ್ತು ವಾಹನಗಳನ್ನು ಹುಲಿ ಹಿಡಿಯುವ ಕಾರ್ಯಾಚರಣೆಗೆ ಬಳಸುವಂತೆ ಸೂಚಿಸಿದರು. ಸಫಾರಿ ವಾಹನಗಳ ಗದ್ದಲದಿಂದಲೇ ಹುಲಿ ಹೊರಬರುತ್ತಿದೆ ಎಂಬುದು ರೈತರ ವಾದ. ಹುಲಿಗಳ ಸಂಖ್ಯೆ ಹೆಚ್ಚಿ ಮುದಿ ಹುಲಿಗಳೂ ಗಾಯಗೊಂಡ ಹುಲಿಗಳೂ ಅಂಚಿಗೆ ಬರುವುದು ಸಹಜ ಎಂಬುದು ಇನ್ನೊಂದು ವಾದ. ಲಂಟಾನ ಪೊದೆ ಹಬ್ಬಿ ಹುಲ್ಲುಗಾವಲು ಕಡಿಮೆಯಾದುದೂ ಕಾರಣವೆಂದು ಹೇಳುವವರಿದ್ದಾರೆ. ಇವರಲ್ಲಿ ಯಾರು ಸರಿ ಎಂದು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಆದರೆ ಎರಡನೆಯ ವಾದವೇ ಸರಿಯೆಂದಿಟ್ಟುಕೊಂಡರೂ, ಮೈಸೂರಿನ ವೇದಿಕೆಯಲ್ಲಿ ಘೋಷಣೆಯಾದ ಅಂಕಿಯ ಬೆಲೆಯನ್ನು ಯಾರು ತೆರುತ್ತಿದ್ದಾರೆ ಎಂಬ ಪ್ರಶ್ನೆಗೆ ಉತ್ತರ ಬದಲಾಗುವುದಿಲ್ಲ. ಹತ್ತಿಯ ಹೊಲದಲ್ಲಿ ದನ ಮೇಯಿಸುವವನು ಯಾವ ಕರಪತ್ರದಲ್ಲಿಯೂ ಇಲ್ಲ.

ಅದೇ ವರ್ಷದ ಜೂನ್ ಕೊನೆಗೆ ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟದ ಅರಣ್ಯದಲ್ಲಿ ತಾಯಿ ಹುಲಿ ಮತ್ತು ನಾಲ್ಕು ಮರಿಗಳು ವಿಷಪ್ರಾಶನದಿಂದ ಸತ್ತವು. ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು. ಅಪರಾಧ ಅಪರಾಧವೇ, ಅದನ್ನು ಸಮರ್ಥಿಸಲಾಗದು. ಆದರೆ ಹಸು ಕಳೆದುಕೊಂಡವನ ಸಿಟ್ಟಿಗೆ ಸಕಾಲದಲ್ಲಿ ಕಿವಿಗೊಡುವ ವ್ಯವಸ್ಥೆ ಇಲ್ಲದಿದ್ದರೆ ಯಾವ ಗಣತಿಯ ಅಂಕಿಯೂ ಭದ್ರವಲ್ಲ.

ಕಾಡಿನೊಳಗಿದ್ದವರ ಕಥೆ ಇನ್ನೂ ಹಳೆಯದು. ನಾಗರಹೊಳೆಯಿಂದ ಜೇನುಕುರುಬರು, ಬೆಟ್ಟಕುರುಬರು, ಯರವರನ್ನು ಹೊರತಂದ ಬಗೆಯ ಕುರಿತು ದಶಕಗಳಿಂದ ದೂರುಗಳಿವೆ. 1990ರ ದಶಕದಲ್ಲಿ ಅದೇ ರಾಷ್ಟ್ರೀಯ ಉದ್ಯಾನದೊಳಗಿನ ಕಟ್ಟಡಗಳನ್ನು ತಾಜ್ ಸಮೂಹದ ಹೋಟೆಲ್ ಕಂಪೆನಿಗೆ ರೆಸಾರ್ಟ್ ನಡೆಸಲು ಗುತ್ತಿಗೆ ಕೊಡಲಾಗಿತ್ತು. ಇದ್ದವರನ್ನು ಹೊರಡಿಸಿದ ಕಾಡಿಗೆ ಹಣವಂತ ಅತಿಥಿಗಳನ್ನು ಕರೆತರುವ ಈ ಯೋಜನೆಯ ವಿರುದ್ಧ ಆದಿವಾಸಿಗಳು ಹೋರಾಡಿ ನ್ಯಾಯಾಲಯದ ಮೆಟ್ಟಿಲೇರಿದರು. 1997ರಲ್ಲಿ ಕರ್ನಾಟಕ ಹೈಕೋರ್ಟು ಅವರ ಪರವಾಗಿ ತೀರ್ಪಿತ್ತಿತು. 2025ರ ಮೇಯಲ್ಲಿ ಸುಮಾರು ಐವತ್ತು ಜೇನುಕುರುಬ ಕುಟುಂಬಗಳು ಅರಣ್ಯ ಹಕ್ಕು ಕಾಯ್ದೆಯ ಆಧಾರದಲ್ಲಿ ಕರಡಿಕಲ್ಲು ಅತ್ತೂರುಕೊಲ್ಲಿಯ ತಮ್ಮ ಹಳೆಯ ಹಾಡಿಗೆ ಮರಳಿದ್ದೂ ಸುದ್ದಿಯಾಯಿತು. ಅಲ್ಲಿ ಹುಲಿ ಹೆಚ್ಚಿದ ಯಶಸ್ಸಿನ ಕಥೆಯಲ್ಲಿ ಇವರಿಗೂ ಒಂದು ಅಧ್ಯಾಯ ಸಲ್ಲಬೇಡವೇ?

ಕಾನೂನು ಏನನ್ನುತ್ತದೆ ಎಂಬುದನ್ನೂ ನೋಡೋಣ. 2013ರ ಕಂಪೆನಿ ಕಾಯ್ದೆಯಂತೆ ನಿಗದಿತ ಮಟ್ಟಕ್ಕಿಂತ ದೊಡ್ಡ ಕಂಪೆನಿಗಳು ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಗಳಿಗೆ ಖರ್ಚು ಮಾಡಬೇಕು. ಪ್ರಾಣಿ, ಸಸ್ಯಗಳ ಸಂರಕ್ಷಣೆಯೂ ಆ ಪಟ್ಟಿಯಲ್ಲಿದೆ. ಆದರೆ 2021ರಲ್ಲಿ ತಿದ್ದಿದ ನಿಯಮಗಳ ಪ್ರಕಾರ ತನ್ನ ಸರಕಿಗೆ ಪ್ರಚಾರ ಸಿಗಲೆಂದು ಕೊಡುವ ಪ್ರಾಯೋಜಕತ್ವ ಆ ಲೆಕ್ಕಕ್ಕೆ ಸೇರದು. ಅಂದರೆ ದಾನ ಬೇರೆ, ಜಾಹೀರಾತು ಬೇರೆ ಎಂದು ಸರಕಾರವೇ ಗೆರೆ ಎಳೆದಿದೆ. 2024ರ ಅಕ್ಟೋಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಪರಿಸರದ ಹೆಸರಿನಲ್ಲಿ ಮಾಡುವ ಸುಳ್ಳು ಹೇಳಿಕೆಗಳನ್ನು ತಡೆಯಲು ಮಾರ್ಗಸೂಚಿ ಹೊರಡಿಸಿತು. ಹೇಳಿದ್ದಕ್ಕೆ ಆಧಾರ ಕೊಡಬೇಕು ಎಂಬುದು ಅದರ ತಿರುಳು. ಸಂತೋಷ. ಆದರೆ ದಾರಿ ತಪ್ಪಿಸದ ಬರಿಯ ಚಿತ್ರ, ಬಣ್ಣಗಳಿಗೆ ಅದರಲ್ಲಿ ವಿನಾಯಿತಿಯಿದೆ. ಮಾತಾಡದ ಹುಲಿಯ ಚಿತ್ರವೊಂದನ್ನು ಸರಕಿನ ಪಕ್ಕ ನಿಲ್ಲಿಸಿದವನನ್ನು ಈ ನಿಯಮದಿಂದ ಹಿಡಿಯುವುದು ಕಷ್ಟ. ನಮ್ಮ ಅಭಿಪ್ರಾಯದಲ್ಲಿ ದೊಡ್ಡ ಕಿಂಡಿ ಇರುವುದು ಅಲ್ಲಿಯೇ.

ಹೊರದೇಶದಲ್ಲಿ ಇದಕ್ಕೊಂದು ಉಪಾಯ ಹುಡುಕಿದ್ದಾರೆ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು 2018ರಲ್ಲಿ 'ಲಯನ್ಸ್ ಶೇರ್' ಎಂಬ ನಿಧಿಯನ್ನು ಆರಂಭಿಸಿತು. ಜಾಹೀರಾತಿನಲ್ಲಿ ಪ್ರಾಣಿಯ ಚಿತ್ರ ಬಳಸಿದರೆ ಆ ಜಾಹೀರಾತಿನ ಪ್ರಸಾರ ವೆಚ್ಚದ ಶೇ. 0.5ನ್ನು ವನ್ಯಜೀವಿಗಳಿಗಾಗಿ ಕೊಡಬೇಕೆಂಬುದು ಅದರ ಕಲ್ಪನೆ. ಇದು ಕಡ್ಡಾಯವಲ್ಲ, ಸೇರಿದವರಿಗೆ ಮಾತ್ರ ಅನ್ವಯ. ಆದರೂ ಪ್ರಾಣಿಯ ಮುಖಕ್ಕೆ ಬಾಡಿಗೆಯಿದೆ ಎಂದು ಒಪ್ಪಿಕೊಂಡದ್ದು ದೊಡ್ಡ ಮಾತು. ಇಂತಹ ಪಾಲನ್ನು ಎಚ್.ಡಿ. ಕೋಟೆ, ಗುಂಡ್ಲುಪೇಟೆಯ ಕಾಡಂಚಿನಲ್ಲಿ ದನ ಕಳೆದುಕೊಂಡವರಿಗೆ ಕೂಡಲೇ ತಲುಪುವ ನೆರವಾಗಿ ತಿರುಗಿಸಿದರೆ ಹುಲಿಗೂ ಕ್ಷೇಮ, ಜಾಹೀರಾತಿಗೂ ಮರ್ಯಾದೆ. ಕಬಿನಿಯ ಹೆಸರಿನಿಂದ ಬಾಳುವ ಉದ್ಯಮಗಳು ಸರಕಾರದ ಆದೇಶಕ್ಕೆ ಕಾಯದೆ ತಾವಾಗಿಯೇ ಇದನ್ನು ಆರಂಭಿಸಬಹುದಲ್ಲವೇ?

ನಮ್ಮ ಶಾಲೆಗಳ ಶಿಕ್ಷಕರಿಗೆ, ಯುವಜನರ ಪ್ರವಾಸ ಏರ್ಪಡಿಸುವ ಧರ್ಮಕೇಂದ್ರದ ಕಾರ್ಯಕರ್ತರಿಗೆ ಒಂದು ಸಲಹೆ. ಮೃಗಾಲಯದಲ್ಲಿ ಮಕ್ಕಳು ದತ್ತು ಫಲಕಗಳನ್ನು ಓದಲಿ, ಯಾವ ಹೆಸರು ಎಲ್ಲಿದೆ ಎಂದು ಬರೆದುಕೊಳ್ಳಲಿ. ರೆಸಾರ್ಟಿನಲ್ಲಿ ತಂಗುವುದಾದರೆ ಬುಕ್ ಮಾಡುವ ಮೊದಲೇ ಫೋನಿನಲ್ಲಿ ಕೇಳಿ: ನಿಮ್ಮಲ್ಲಿ ದುಡಿಯುವವರಲ್ಲಿ ಸುತ್ತಲ ಹಾಡಿಯವರು ಎಷ್ಟು ಮಂದಿ? ಕಳೆದ ವರ್ಷ ಪಕ್ಕದ ಹಳ್ಳಿಗೆ ನೀವು ಏನು ಕೊಟ್ಟಿರಿ? ಉತ್ತರ ಕೊಡಬಲ್ಲವರೂ ಇದ್ದಾರು, ಅಂತಹವರಲ್ಲಿಯೇ ಉಳಿದುಕೊಳ್ಳಿ. ಸಮಯವಿದ್ದರೆ ಕಾಡಂಚಿನ ಒಬ್ಬ ರೈತರನ್ನೋ ಹಾಡಿಯ ಒಬ್ಬ ಹಿರಿಯರನ್ನೋ ಕರೆಸಿ ಮಕ್ಕಳೆದುರು ಅರ್ಧ ಗಂಟೆ ಮಾತಾಡಿಸಿ, ಅವರ ಆ ದಿನದ ಕೂಲಿಯನ್ನೂ ಪ್ರವಾಸದ ಖರ್ಚಿನಲ್ಲಿಯೇ ಸೇರಿಸಿಬಿಡಿ.