ಪ್ರತಿಜ್ಞೆ ಸಾಕು, ಗೇಟಿನ ಹೊರಗೆ ಅಳೆಯೋಣ

ಜನವರಿ ಬಂದರೆ ನಮ್ಮೂರಿನ ಶಾಲೆಗಳಿಂದ ರಸ್ತೆ ಸುರಕ್ಷತಾ ಜಾಥಾ ಹೊರಡುತ್ತದೆ. ಮಕ್ಕಳು ಭಿತ್ತಿಪತ್ರ ಹಿಡಿದು ರಾಬರ್ಟ್‌ಸನ್‌ಪೇಟೆಯ ಬೀದಿ ಸುತ್ತುತ್ತಾರೆ, ಬಲಗೈ ಚಾಚಿ ಪ್ರತಿಜ್ಞೆ ಮಾಡುತ್ತಾರೆ, ಫೋಟೊ ಸಮೇತ ವರದಿ ಹೋಗುತ್ತದೆ. ನಾನು ಅಭ್ಯಾಸ ಬೋಧನೆಗೆ ಹೋದ ಪ್ರೌಢಶಾಲೆಯಲ್ಲೂ ಅಷ್ಟೇ ಆಯಿತು. ಪ್ರತಿಜ್ಞೆ ಹೇಳಿಕೊಟ್ಟವನು ನಾನೇ. ಸಂಜೆ ಬೈಕ್ ಹತ್ತುವಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, “ಸಾರ್, ನಿಮ್ಮ ಹೆಲ್ಮೆಟ್?” ಎಂದಳು. ಮನೆ ಆಂಡರ್‌ಸನ್‌ಪೇಟೆಯಲ್ಲೇ, ಹತ್ತು ನಿಮಿಷದ ದಾರಿ ಎಂದೆ. ಅವಳು ನಕ್ಕು ಹೋದಳು. ಆ ರಾತ್ರಿ ನಾಳೆಯ ಪಾಠ ಯೋಜನೆ ಬರೆಯಲು ಕೂತರೆ ಕೈ ಓಡಲಿಲ್ಲ.

ಮರುದಿನದ ಘಟಕ ‘ಚಲನೆ’. ಅಂತಿಮ ವೇಗದ ವರ್ಗ, ಆರಂಭಿಕ ವೇಗದ ವರ್ಗ ಎಂದು ಸಮೀಕರಣ ಬರೆಸಿ, ರೈಲಿನ ಮೇಲೆ ಎರಡು ಲೆಕ್ಕ ಮಾಡಿಸುವ ಯೋಜನೆ ಇತ್ತು. ರೈಲಿನ ಬದಲು ಗೇಟಿನ ಮುಂದಿನ ರಸ್ತೆಯನ್ನೇ ತೆಗೆದುಕೊಂಡೆ. ಬೈಕು ಗಂಟೆಗೆ 36 ಕಿ.ಮೀ.ನಲ್ಲಿ ಬರುತ್ತಿದೆ ಎಂದರೆ ಸೆಕೆಂಡಿಗೆ 10 ಮೀಟರ್. ಎದುರು ಮಗು ಕಂಡು ಸವಾರ ಬ್ರೇಕ್ ಒತ್ತುವ ಹೊತ್ತಿಗೆ ಒಂದು ಸೆಕೆಂಡ್ ಎನ್ನಿ, 10 ಮೀಟರ್ ಆಗಲೇ ಹೋಯಿತು. ಆಮೇಲೆ ಪ್ರತಿ ಸೆಕೆಂಡಿಗೆ 5 ಮೀಟರಿನಷ್ಟು ವೇಗ ಇಳಿದರೂ ನಿಲ್ಲಲು ಇನ್ನೂ 10 ಮೀಟರ್ ಬೇಕು. ಒಟ್ಟು 20. ಅದೇ ಬೈಕು 72 ಕಿ.ಮೀ.ನಲ್ಲಿದ್ದರೆ? ಮಕ್ಕಳು ಒಕ್ಕೊರಲಿನಿಂದ “ನಲವತ್ತು” ಎಂದರು. ಲೆಕ್ಕ ಬಿಡಿಸಿದಾಗ ಬಂದದ್ದು 20 ಮತ್ತು 40, ಒಟ್ಟು 60. ವೇಗ ಎರಡು ಪಟ್ಟಾದರೆ ಬ್ರೇಕಿನ ದೂರ ನಾಲ್ಕು ಪಟ್ಟು. ಹಿಂದಿನ ಬೆಂಚಿನ ಹುಡುಗನೊಬ್ಬ ನಂಬದೆ ಇನ್ನೊಮ್ಮೆ ಬಿಡಿಸಿದ.

ಹಗ್ಗ ಹಿಡಿದು ಮೊದಲು ಮೈದಾನದಲ್ಲಿ ಅಳೆದೆವು. ನಂತರ ಇಬ್ಬರು ಶಿಕ್ಷಕರ ಜೊತೆಯಲ್ಲಿ, ಗೋಡೆಯ ಅಂಚಿನಲ್ಲೇ, ರಸ್ತೆಯ ತಿರುವಿನಿಂದ ಗೇಟಿನವರೆಗೆ ಅಳೆದೆವು. ಸುಮಾರು 45 ಮೀಟರ್. ತಿರುವಿನಿಂದ ವೇಗವಾಗಿ ಬಂದವನು ಮಗುವನ್ನು ಕಂಡರೂ ನಿಲ್ಲಿಸಲಾರ. ಇದನ್ನು ನಾನು ಹೇಳಲಿಲ್ಲ, ಅವರೇ ಹೇಳಿದರು. ಹೆಲ್ಮೆಟ್ ಇದ್ದವರು, ಇಲ್ಲದವರು ಎಂದು ಕಾಲು ಗಂಟೆ ಗೀಟು ಹಾಕಿದಾಗ ಒಂದು ಪಟ್ಟಿ ಒಂದೇ ಸಾಲಿಗೆ ಮುಗಿಯಿತು, ಇನ್ನೊಂದಕ್ಕೆ ಹಾಳೆ ತಿರುಗಿಸಬೇಕಾಯಿತು.

ಪಾಠ ವೀಕ್ಷಿಸಿದವರು ‘ಪಠ್ಯವಿಷಯದಿಂದ ದೂರ ಸರಿದಿದೆ’ ಎಂದು ಬರೆದು ಅಂಕ ಕಳೆದರು. ಸಮಯ ಮೀರಿದ್ದು ನಿಜ, ಅದನ್ನು ಒಪ್ಪುತ್ತೇನೆ. ದೂರ ಸರಿದದ್ದನ್ನು ಒಪ್ಪಲಾರೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇ 44ಕ್ಕೂ ಹೆಚ್ಚು ದ್ವಿಚಕ್ರ ವಾಹನದವರು. ಈ ಸಮೀಕರಣ ನಿಜವಾಗಿ ಪರೀಕ್ಷೆಗೊಳಗಾಗುವುದು ಅಲ್ಲಿ.

ಆದರೆ ಮಕ್ಕಳಿಗೆ ತಿಳಿದರೆ ಸಾಲದು, ಬೈಕ್ ಓಡಿಸುವವರು ಅಪ್ಪಂದಿರು. ಇಲ್ಲಿ ನಮ್ಮೂರಿನ ಕಥೆ ಬರುತ್ತದೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಊರಿನ ದುಡಿಮೆ ರೈಲು ಹತ್ತಿ ಬೆಂಗಳೂರಿಗೆ ಹೋಯಿತು. ಬೆಳಕು ಹರಿಯುವ ಮುನ್ನವೇ ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳತ್ತ ಬೈಕುಗಳು ಧಾವಿಸುತ್ತವೆ, ಒಂದರ ಮೇಲೆ ಮೂವರು. ರೈಲು ತಪ್ಪಿದರೆ ಒಂದು ದಿನದ ಕೂಲಿ ಹೋಯಿತು. ಅವರಿಗೆ ‘ಅವಸರವೇ ಅಪಘಾತಕ್ಕೆ ಕಾರಣ’ ಎಂಬ ಫಲಕ ತೋರಿಸಿ ಏನು ಪ್ರಯೋಜನ? ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯನ್ನು ಬೆಳಿಗ್ಗೆ ಹನ್ನೊಂದಕ್ಕೆ ಕರೆದು, ‘ಪೋಷಕರಿಗೆ ಆಸಕ್ತಿ ಇಲ್ಲ’ ಎಂದು ನಾವೇ ಬರೆದುಕೊಳ್ಳುತ್ತೇವೆ. ಆ ಹೊತ್ತಿಗೆ ಅವರು ವೈಟ್‌ಫೀಲ್ಡ್ ದಾಟಿರುತ್ತಾರೆ.

ನನ್ನ ತಾತ ಚಾಂಪಿಯನ್ ರೀಫ್‌ನಲ್ಲಿ ದುಡಿದವರು. ಮೂರು ಕಿ.ಮೀ.ಗೂ ಆಳದ, ಬಂಡೆ ಸಿಡಿಯುವ ಗಣಿ ಅದು. ತಲೆಗೆ ಹೆಲ್ಮೆಟ್ ಇಲ್ಲದೆ ಕೇಜಿಗೆ ಕಾಲಿಟ್ಟರೆ ಮೇಲಧಿಕಾರಿಗಿಂತ ಮೊದಲು ಜೊತೆಯವರೇ ಹಿಡಿದು ಕೆಳಗಿಳಿಸುತ್ತಿದ್ದರಂತೆ. ಒಬ್ಬನ ತಪ್ಪು ಪಕ್ಕದವನ ಜೀವಕ್ಕೆ ಎಂಬುದು ಅವರಿಗೆ ಯಾರೂ ಜಾಥಾ ಮಾಡಿ ಕಲಿಸಿದ್ದಲ್ಲ.

ಮುಖ್ಯ ಶಿಕ್ಷಕರನ್ನು ಕೇಳಿ ಒಂದು ಭಾನುವಾರ ಸಭೆ ಕರೆದೆವು. ಬಂದವರು ಹತ್ತು ಮಂದಿಯೂ ಇಲ್ಲ, ಅವರಲ್ಲಿ ಹೆಚ್ಚಿನವರು ಆಟೊ ಚಾಲಕರು. ಹುಡುಗಿಯರು ಹಗ್ಗದ ಲೆಕ್ಕವನ್ನು ಕನ್ನಡದಲ್ಲಿ ಶುರುಮಾಡಿ, ಅಪ್ಪಂದಿರ ಮುಖ ನೋಡಿ ತಮಿಳಿಗೆ ಹೊರಳಿದರು. ನಾಲ್ಕು ವರ್ಷ ಮೇಲ್ಪಟ್ಟ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಎಂಬುದು ಕೆಲವರಿಗೆ ಹೊಸ ಸುದ್ದಿ. ಅದಕ್ಕಿಂತ ಹೊಸದಾಗಿದ್ದು ಇನ್ನೊಂದು. ‘ಬಿದ್ದವರನ್ನು ಮುಟ್ಟಿದರೆ ಸ್ಟೇಷನ್ನು, ಕೋರ್ಟು’ ಎಂದು ಒಬ್ಬ ಚಾಲಕರು ಭಯ ತೋಡಿಕೊಂಡರು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 134ಎ ಕಲಂ ನೆರವಾದವರನ್ನು ರಕ್ಷಿಸುತ್ತದೆ, ಹೆಸರು ಹೇಳಬೇಕೆಂಬ ಒತ್ತಾಯವೂ ಇಲ್ಲ ಎಂದು ತಿಳಿಸಿದೆ. 2016ರಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕು ದೇಹ ತುಂಡಾದಾಗಲೂ ಕಣ್ಣು ದಾನ ಮಾಡಿ ಎಂದ ಹರೀಶರ ನೆನಪಿನಲ್ಲಿ ನಮ್ಮ ರಾಜ್ಯ ಸಾಂತ್ವನ ಹರೀಶ್ ಯೋಜನೆ ತಂದದ್ದನ್ನೂ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ನಮ್ಮ ಕಾಲೇಜಿಗೆ ನನ್ನ ಕೋರಿಕೆ ಒಂದೇ. ಪೌರತ್ವ ತರಬೇತಿ ಶಿಬಿರದಲ್ಲಿ ನಾವು ಗಿಡ ನೆಡುತ್ತೇವೆ, ಬೀದಿ ಗುಡಿಸುತ್ತೇವೆ. ಅದರ ಒಂದು ದಿನವನ್ನು ಅಭ್ಯಾಸ ಶಾಲೆಯ ಗೇಟಿಗೆ ಕೊಡಿ, ಆ ದಿನ ಭಾನುವಾರವಾಗಿರಲಿ. ವೀಕ್ಷಣಾ ನಮೂನೆಯಲ್ಲಿ ಅದಕ್ಕೊಂದು ಕಲಂ ಇರಲಿ, ಇಲ್ಲದಿದ್ದರೆ ಅಂಕದ ಭಯಕ್ಕೆ ಮುಂದಿನ ತಂಡದವರು ರೈಲಿನ ಲೆಕ್ಕಕ್ಕೇ ಮರಳುತ್ತಾರೆ.

ಸಭೆಯಲ್ಲಿ ಚಾಲಕರು ಒಂದು ತೀರ್ಮಾನ ಮಾಡಿದರು: ಆಟೊಗಳನ್ನು ಶಾಲೆಯ ಬದಿಯಲ್ಲೇ ನಿಲ್ಲಿಸುವುದು, ಮಕ್ಕಳು ರಸ್ತೆ ದಾಟುವುದೇ ಬೇಡ. ಎರಡು ವಾರವಾಯಿತು. ನನ್ನ ಹೆಲ್ಮೆಟನ್ನು ಆ ಹುಡುಗಿ ದಿನವೂ ನೋಡುತ್ತಾಳೆ. ಒಂದು ಆಟೊ ಮಾತ್ರ ಇನ್ನೂ ಆಚೆ ಬದಿಯಲ್ಲೇ ನಿಲ್ಲುತ್ತಿದೆ. ಅದರ ಚಾಲಕರು ಸಭೆಗೆ ಬಂದಿರಲಿಲ್ಲ. ಸೋಮವಾರ ಹಗ್ಗ ತೆಗೆದುಕೊಂಡು ಅವರ ಹತ್ತಿರ ಹೋಗೋಣ ಎಂದು ಮಕ್ಕಳು ಹೇಳಿದ್ದಾರೆ.