ಬಿದ್ದಿದ್ದು ಹುಡುಗನ ತಪ್ಪಲ್ಲ, ಹ್ಯಾಂಡಲ್ ತಪ್ಪು

"ನಿದ್ದೆಗಣ್ಣಲ್ಲಿ ಗಾಡಿ ಓಡಿಸಿದ್ರೆ ಇನ್ನೇನಾಗುತ್ತೆ?" ಹದಿನೈದು ದಿನದಿಂದ ಊರಲ್ಲಿ ಇದೇ ಮಾತು. ಅರಳಿಕಟ್ಟೆ ಮೇಲೂ ಇದೇ, ಡೇರಿ ಮುಂದೆನೂ ಇದೇ. ನಮ್ಮಣ್ಣನ ಮಗ ಬೆಳಿಗ್ಗೆ ಹಾಲು ತಗೊಂಡು ಹೋಗುವಾಗ ಕೆರೆ ಏರಿಯಿಂದ ಇಳಿಯೋ ತಿರುವಲ್ಲಿ ಬಿದ್ದ. ಕಾಲರ್ ಬೋನ್ ಮುರಿದಿದೆ, ಹಾಲೆಲ್ಲ ಚರಂಡಿ ಪಾಲು. ಅವನು ಯಾರಿಗೂ ಉತ್ತರ ಕೊಡ್ತಿಲ್ಲ, ತಲೆ ತಗ್ಗಿಸಿ ಕೂತಿದ್ದಾನೆ. ನಾನು ಸುಮ್ಮನಿರೋ ಹಾಗಿಲ್ಲ. ಯಾಕಂದ್ರೆ ಆ ಎತ್ತರದ ಹ್ಯಾಂಡಲ್ ಹಾಕ್ಸು ಅಂತ ಅವನಿಗೆ ಹೇಳಿದ್ದೇ ನಾನು.

ಮೊದಲು ಅವನ ಗಾಡಿಗೆ ಗಿಡ್ಡ ರಾಡ್ ಹ್ಯಾಂಡಲ್ ಇತ್ತು. ಕಂಪನಿ ಹ್ಯಾಂಡಲ್ ಕಿತ್ತು ಸ್ಟೈಲಿಗೆ ಅಂತ ಹಾಕಿಸಿಕೊಂಡಿದ್ದ. ದಿನಾ ಸಾಯಂಕಾಲ "ಚಿಕ್ಕಪ್ಪ, ಕುತ್ತಿಗೆ ಹಿಡ್ಕೊಂಡಿದೆ, ಕಿರುಬೆರಳು ಜುಮ್ ಅಂತಿದೆ" ಅನ್ನೋನು. ಅನ್ನದೆ ಏನ್ಮಾಡ್ತಾನೆ? ಹ್ಯಾಂಡಲ್ ತಗ್ಗಿದಷ್ಟೂ ಮೈ ಮುಂದಕ್ಕೆ ಬಾಗುತ್ತೆ, ಎದೆಯ ಭಾರ ಅಂಗೈ ಮೇಲೆ ಕೂರುತ್ತೆ, ದಾರಿ ನೋಡೋಕೆ ಕತ್ತು ಮೇಲೆತ್ತಬೇಕು. ಹೈವೇಲಿ ಜೋರಾಗಿ ಹೋಗೋವಾಗ ಎದುರು ಗಾಳಿ ಎದೆಗೆ ತಾಗಿ ಆ ಭಾರ ಸ್ವಲ್ಪ ಹೊರುತ್ತೆ. ನಮ್ಮ ಜಲ್ಲಿ ಎದ್ದ ರಸ್ತೇಲಿ 25ರಲ್ಲಿ ಹೋಗೋನಿಗೆ ಯಾವ ಗಾಳಿ? ಪ್ರತಿ ಗುಂಡಿಯ ಏಟೂ ನೇರ ಮಣಿಕಟ್ಟಿಗೆ. ಜೊತೆಗೆ ಆ ರಾಡ್ ಅಗಲ ಕಡಿಮೆ. ಕಲ್ಲು ಮೀಟೋಕೆ ಗಿಡ್ಡ ಹಾರೆ ಹಿಡಿದಂಗೆ, ನಿಧಾನದ ತಿರುವಲ್ಲಿ ದುಪ್ಪಟ್ಟು ಬಲ ಹಾಕಬೇಕು.

ನಾನು ದೊಡ್ಡ ತಿಳಿದೋನ ಥರ "ಎತ್ತರದ್ದು ಹಾಕ್ಸು, ಬೆನ್ನು ನೆಟ್ಟಗಿರುತ್ತೆ, ನೋವೆಲ್ಲ ಹೋಗುತ್ತೆ" ಅಂದೆ. ಪೇಟೆ ಗ್ಯಾರೇಜಿನವನು ಒಂದು ಗಂಟೇಲಿ ಕೊಂಬಿನಂಗಿರೋ ಹ್ಯಾಂಡಲ್ ಕೂರಿಸಿ ಕಳಿಸಿದ. ಕುತ್ತಿಗೆ ನೋವು ಹೋಗಿದ್ದು ನಿಜ. ನಾನೂ ಬೀಗಿದೆ.

ಬಿದ್ದ ಮಾರನೇ ದಿನ ಗಾಡಿನ ಸೆಂಟರ್ ಸ್ಟ್ಯಾಂಡ್ ಹಾಕಿ, ಸ್ಟಾರ್ಟ್ ಮಾಡಿ, ಹ್ಯಾಂಡಲ್ ಪೂರ್ತಿ ಒಂದು ಕಡೆ ತಿರುಗಿಸಿ ನೋಡಿದೆ. ಎಕ್ಸಲೇಟರ್ ಮುಟ್ಟೇ ಇಲ್ಲ, ಇಂಜಿನ್ ಗುರ್ ಅಂತ ಏರ್ತು. ಹ್ಯಾಂಡಲ್ ಎತ್ತರ ಆಯ್ತು, ವೈರು ಮಾತ್ರ ಹಳೇ ಉದ್ದದ್ದೇ. ತಿರುಗಿಸಿದಾಗ ವೈರು ಬಿಗಿದು ತಾನೇ ಎಕ್ಸಲೇಟರ್ ಎಳೀತಿದೆ. ಏರಿ ತಿರುವಲ್ಲಿ ಹ್ಯಾಂಡಲ್ ಪೂರ್ತಿ ತಿರುಗಿಸದೆ ಇಳಿಯೋಕೇ ಆಗಲ್ಲ. ಅಂಥ ಜಾಗದಲ್ಲಿ ಗಾಡಿ ತಾನೇ ಮುಂದಕ್ಕೆ ನುಗ್ಗಿದ್ರೆ ನಿದ್ದೆಗಣ್ಣಾದ್ರೇನು, ಎಚ್ಚರದ ಕಣ್ಣಾದ್ರೇನು?

ಇಷ್ಟೇ ಅಲ್ಲ. ಹಿಂದೆ ಎರಡು ಕಡೆ 20 ಲೀಟರ್ ಕ್ಯಾನ್. 40 ಲೀಟರ್ ಹಾಲು ಅಂದ್ರೆ 41 ಕೆಜಿ, ಕ್ಯಾನ್ ತೂಕ ಬೇರೆ. ಅದು ತೂಗೋದು ಹಿಂದಿನ ಚಕ್ರದ ಅಚ್ಚಿಗಿಂತ ಆಚೆ. ತಕ್ಕಡಿ ಲೆಕ್ಕ ಇದು, ಅಚ್ಚಿನ ಆಚೆ ಭಾರ ಬಿದ್ರೆ ಮುಂದಿನ ಚಕ್ರ ಹಗುರ ಆಗುತ್ತೆ. ಎತ್ತರದ ಹ್ಯಾಂಡಲ್ ಹಾಕಿದ್ರೆ ಓಡಿಸೋನ ಮೈಯೂ ಹಿಂದಕ್ಕೆ ಸರಿಯುತ್ತೆ, ಮುಂದಿನ ಚಕ್ರ ಇನ್ನೂ ಹಗುರ. ಹಗುರಾದ ಚಕ್ರ ಒದ್ದೆ ಮಣ್ಣಲ್ಲಿ ಕಚ್ಚಲ್ಲ, ಜಾರುತ್ತೆ. ಟಿವಿಎಸ್ ಎಕ್ಸ್‌ಎಲ್ ನೋಡಿ, ಅದರ ಹ್ಯಾಂಡಲೂ ಎತ್ತರವೇ. ಆದ್ರೆ ಕಾಲಿನ ಮಧ್ಯೆ ಖಾಲಿ ಜಾಗ ಇದೆ, ಮೂಟೆ ಕೆಳಗೆ, ನಡುವೆ ಕೂರುತ್ತೆ. ಎತ್ತರ ಒಂದನ್ನೇ ನೋಡಿ ಒಳ್ಳೇದು ಕೆಟ್ಟದ್ದು ಅನ್ನೋಕಾಗಲ್ಲ. ಭಾರ ಎಲ್ಲಿದೆ ಅನ್ನೋದನ್ನೂ ನೋಡಬೇಕು. ಅದನ್ನ ನಾನು ನೋಡಲಿಲ್ಲ.

ಈಗ ನನ್ನ ಜಗಳ ಇರೋದು ಎರಡು ಮಾತಿನ ಜೊತೆ.

ಒಂದು, "ಕಂಪನಿಯೋರು ನೋಡಿಯೇ ಹಾಕಿರ್ತಾರೆ, ಮುಟ್ಟಬಾರದು." ಕಂಪನಿಯೋರು ಹಾಕೋದು ಐದಡಿಯೋನಿಗೂ ಆರಡಿಯೋನಿಗೂ ಒಂದೇ. ಅವರು ಲೆಕ್ಕ ಹಾಕಿದ್ದು ಹಿಂದೆ ಒಬ್ಬ ಮನುಷ್ಯ ಕೂರ್ತಾನೆ ಅಂತ, ಹಾಲಿನ ಕ್ಯಾನಿಗಲ್ಲ. ಆದ್ರೂ ಎಷ್ಟೋ ಕಮ್ಯೂಟರ್ ಗಾಡೀಲಿ ಕ್ಲ್ಯಾಂಪಿನ ಬೋಲ್ಟ್ ಸಡಿಲ ಮಾಡಿ ಹ್ಯಾಂಡಲನ್ನ ಸ್ವಲ್ಪ ಹಿಂದಕ್ಕೋ ಮುಂದಕ್ಕೋ ಹೊರಳಿಸಬಹುದು. ಖರ್ಚಿಲ್ಲದ ಕೆಲಸ. ಅದನ್ನ ಬಿಟ್ಟು ನೇರ ಹೊಸ ಹ್ಯಾಂಡಲಿಗೆ ಹೋಗ್ತೀವಿ.

ಎರಡು, "ಹಳ್ಳಿ ಗಾಡಿ ಹೆಂಗಿದ್ರೇನು, ಅಭ್ಯಾಸ ಆಗುತ್ತೆ ಬಿಡು." ಈ ಮಾತು ಕೇಳಿದ್ರೆ ಮೈ ಉರಿಯುತ್ತೆ. ನಮ್ಮಜ್ಜನ ಕಾಲದಲ್ಲಿ ನೇಗಿಲಿಗೆ ಮೇಳಿ ಕೂರಿಸೋ ಬಡಗಿ, ಉಳೋನನ್ನ ಎದುರು ನಿಲ್ಲಿಸಿ ಸೊಂಟದ ಮಟ್ಟ ನೋಡ್ತಿದ್ದ. ಗುದ್ದಲಿ ಕಾವು ಗಿಡ್ಡ ಆದ್ರೆ ಆಳು ಆ ಗುದ್ದಲಿ ಮುಟ್ಟುತ್ತಿರಲಿಲ್ಲ. ಅಂಥ ಮನೆ ಮಕ್ಕಳು ನಾವು, ಈಗ ವೀಡರ್ ಹ್ಯಾಂಡಲಿಗೆ ಎತ್ತರ ಬದಲಾಯಿಸೋಕೆ ತೂತು ಕೊಟ್ಟಿದ್ರೂ ಅಂಗಡಿಯಿಂದ ಬಂದಂಗೇ ಹಿಡ್ಕೊಂಡು ಬಾಗ್ತೀವಿ, ರಾತ್ರಿ ಮುಲಾಮು ಹಚ್ಕೊಂಡು ಮಲಗ್ತೀವಿ. ಇದನ್ನ ಅಭ್ಯಾಸ ಅಂತೀವಿ.

ನಾನು ಈಗ ನೋಡೋ ರೀತಿ ಹೇಳ್ತೀನಿ. ಗಾಡಿನ ಸೆಂಟರ್ ಸ್ಟ್ಯಾಂಡ್ ಹಾಕಿ ಕೂತು, ಕಣ್ಣು ಮುಚ್ಚಿ, ಕೈ ಸಹಜವಾಗಿ ಚಾಚಿ. ಹಿಡಿಕೆ ಅಲ್ಲೇ ಸಿಗಬೇಕು. ಮೊಣಕೈ ಸ್ವಲ್ಪ ಬಾಗಿರಬೇಕು, ಭುಜ ಕಿವಿ ಕಡೆ ಏರಬಾರದು. ಬ್ರೇಕ್, ಕ್ಲಚ್ ಮೇಲೆ ಬೆರಳಿಟ್ಟಾಗ ಮಣಿಕಟ್ಟು ಮುರಿದಂಗೆ ಬಾಗಬಾರದು. ಆಮೇಲೆ ಇಂಜಿನ್ ಸ್ಟಾರ್ಟ್ ಮಾಡಿ, ನ್ಯೂಟ್ರಲ್‌ನಲ್ಲೇ ಇರಲಿ, ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ. ಸದ್ದು ಏರಬಾರದು, ಕ್ಲಚ್ ವೈರು ಬಿಗಿಯಬಾರದು, ಡಿಸ್ಕ್ ಬ್ರೇಕ್ ಇದ್ರೆ ಅದರ ಪೈಪು ಸೆಟೆಯಬಾರದು. ಹೊಸ ಹ್ಯಾಂಡಲ್ ಹಾಕ್ಸೋದೇ ಆದ್ರೆ ವೈರು, ಪೈಪಿನ ಉದ್ದ ನೋಡದೆ ಗ್ಯಾರೇಜ್ ಬಿಟ್ಟು ಬರಬೇಡಿ. ಕ್ಯಾನ್ ಸ್ಟ್ಯಾಂಡು ಆದಷ್ಟು ಮುಂದಕ್ಕೆ, ತಗ್ಗಿಗೆ ಇರಲಿ.

ಹುಡುಗನ ಗಾಡಿಗೆ ಹಳೇ ಕಂಪನಿ ಹ್ಯಾಂಡಲನ್ನೇ ಅಟ್ಟದಿಂದ ಇಳಿಸಿ ಹಾಕಿದ್ದೀನಿ, ಅವನ ಕೈಗೆ ತಕ್ಕಂಗೆ ಒಂಚೂರು ಹಿಂದಕ್ಕೆ ಹೊರಳಿಸಿ. ಅವನ ಭುಜ ಕೂಡೋವರೆಗೂ ಡೇರಿಗೆ ಹಾಲು ನಾನೇ ಹಾಕ್ತಿದ್ದೀನಿ. ನಿನ್ನೆ ಡೇರಿ ಮುಂದೆ ಒಬ್ಬರು ಮತ್ತೆ "ನಿಮ್ಮ ಹುಡುಗ ನಿದ್ದೆಗಣ್ಣಲ್ಲಿ..." ಅಂತ ಶುರು ಮಾಡಿದ್ರು. "ಬನ್ನಿ ಇಲ್ಲಿ, ಮೊದಲು ನಿಮ್ಮ ಗಾಡಿ ಹ್ಯಾಂಡಲ್ ತಿರುಗಿಸಿ ನೋಡೋಣ" ಅಂದೆ. ಅವರದ್ದೂ ಗುರ್ ಅಂತು.