ರಿಪೋರ್ಟ್ ನಾರ್ಮಲ್, ಅತ್ತೆ ನಾರ್ಮಲ್ ಅಲ್ಲ

ನಮ್ಮ ಸೋದರತ್ತೆ ಈಗ ಮದುವೆ ಊಟಕ್ಕೆ ಹೋಗೋದೇ ಕಡಿಮೆ. ಎಲೆ ಮುಂದೆ ಕೂತು ನಾಲ್ಕು ತುತ್ತು ತಿನ್ನೋಷ್ಟರಲ್ಲಿ ಹೊಟ್ಟೆ ಬಿಗಿಯುತ್ತೆ. ಬಡಿಸೋರು ‘ಇನ್ನೊಂಚೂರು ಹಾಕಿಸ್ಕೊಳ್ಳಿ’ ಅಂದ್ರೆ ಅಳು ಬರುತ್ತಂತೆ. ಎಂಡೋಸ್ಕೋಪಿ ಮಾಡಿಸಿದ್ವಿ, ನಾರ್ಮಲ್. ಅವತ್ತಿನಿಂದ ಮನೇಲಿ ಒಂದೇ ಮಾತು: ‘ಏನೂ ಇಲ್ಲ ಅಂದ್ರಲ್ಲ, ಬರೀ ಗ್ಯಾಸ್ಟ್ರಿಕ್ಕು.’ ನಾನೂ ಹಾಗೇ ಅಂದಿದ್ದೆ, ಮೆಡಿಕಲ್ ಓದ್ತಾ ಇದ್ದೂ!

ಕ್ಯಾಮೆರಾಗೆ ಹುಣ್ಣು, ಗೆಡ್ಡೆ ಕಾಣುತ್ತೆ. ಫಂಕ್ಷನಲ್ ಡಿಸ್ಪೆಪ್ಸಿಯಾದಲ್ಲಿ ಅಂಥದ್ದೇನೂ ಇರಲ್ಲ. ಊಟ ಬಿದ್ದಾಗ ಜಠರ ಸರಿಯಾಗಿ ಸಡಿಲ ಆಗದೇ ಇರಬಹುದು, ಅದರ ನರಗಳು ಅತಿ ಸೂಕ್ಷ್ಮ ಆಗಿರಬಹುದು. ಇದನ್ನ ಗುರುತಿಸೋಕೆ 2016ರ ‘ರೋಮ್ 4’ ಮಾನದಂಡ ಇದೆ. ತೊಂದರೆ ಶುರುವಾಗಿ 6 ತಿಂಗಳಾದ್ರೂ ಆಗಿರಬೇಕು, ಕಳೆದ 3 ತಿಂಗಳು ಕಾಡಿರಬೇಕು, ಅದೂ ದಿನನಿತ್ಯದ ಕೆಲಸಕ್ಕೆ ಅಡ್ಡಿ ಆಗೋಷ್ಟು. ಅಂದ್ರೆ ಬದುಕು ಹೇಗಿದೆ ಅಂತ ಕೇಳದೆ ಕಾಯಿಲೆ ಗುರುತಿಸೋಕೇ ಆಗಲ್ಲ.

ಹೇಗೆ ಕೇಳೋದು? ಎಸ್‌ಎಫ್-36 ಅನ್ನೋ ಸಾಮಾನ್ಯ ಪ್ರಶ್ನಾವಳಿ ಮೆಟ್ಟಿಲು ಹತ್ತೋದು, ಸಾಮಾನು ಎತ್ತೋದು ಎಲ್ಲ ಕೇಳುತ್ತೆ, ಊಟದ ಬಗ್ಗೆ ಒಂದೂ ಪ್ರಶ್ನೆ ಇಲ್ಲ. (ಮೆಟ್ಟಿಲಲ್ಲಿ ಅತ್ತೆ ನನಗಿಂತ ಮುಂದೆ.) ಅದಕ್ಕೇ ಆಸ್ಟ್ರೇಲಿಯಾದ ನಿಕೋಲಸ್ ಟ್ಯಾಲಿ ಮತ್ತು ಸಂಗಡಿಗರು ನೆಪಿಯನ್ ಡಿಸ್ಪೆಪ್ಸಿಯಾ ಇಂಡೆಕ್ಸ್ ಮಾಡಿದ್ರು. ಅದರ ಚಿಕ್ಕ ರೂಪದಲ್ಲಿ ಬರೀ 10 ಪ್ರಶ್ನೆ, ಕಳೆದ ಎರಡು ವಾರದ್ದು. ಊಟದ ಖುಷಿ ಹೋಯ್ತಾ, ಕೆಲಸ-ಓದು ಕೆಟ್ಟಿತಾ, ಮನಸ್ಸು ಕೆರಳಿತಾ, ಇದು ಯಾವತ್ತೂ ಹೋಗಲ್ವೇನೋ, ದೊಡ್ಡ ಕಾಯಿಲೆಯೇನೋ ಅನ್ನಿಸ್ತಾ ಅಂತ ಕೇಳುತ್ತೆ. ಐದೇ ನಿಮಿಷದ ಕೆಲಸ. ಓಪಿಡಿ ರಶ್ ಗೊತ್ತು, ಆದ್ರೂ ಟೈಮ್ ಇಲ್ಲ ಅನ್ನೋ ನೆಪವನ್ನ ನಾನು ಒಪ್ಪಲ್ಲ.

ಹಾಗಂತ ಇಂಗ್ಲಿಷ್ ಪ್ರಶ್ನೆಯನ್ನ ಕನ್ನಡದಲ್ಲಿ ಒಪ್ಪಿಸಿದ್ರೂ ಸಾಲದು. ‘ಊಟದ ಖುಷಿ ಹೇಗಿದೆ ಅತ್ತೆ?’ ಅಂದೆ. ‘ಪರವಾಗಿಲ್ಲ ಕಣೋ’ ಅಂದ್ರು. ಅವರು ಜ್ವರ ಬಂದ್ರೂ ಪರವಾಗಿಲ್ಲ ಅನ್ನೋರು! ‘ಈ ಸೀಸನ್‌ನಲ್ಲಿ ಎಷ್ಟು ಮದುವೆ ತಪ್ಪಿಸಿದ್ರಿ?’ ಅಂದೆ. ಬೆರಳು ಮಡಚಿ ಎಣಿಸಿದ್ರು. ಐದು. ಅದರಲ್ಲಿ ಒಂದು ಅವರ ಸ್ವಂತ ತಮ್ಮನ ಮಗಳದ್ದು.

ಆ ಐದನ್ನ ಚೀಟೀಲಿ ಬರೆದುಕೊಂಡು ಸೋಮವಾರ ಮತ್ತೆ ಡಾಕ್ಟರ್ ಹತ್ರ ಹೋಗ್ತಿದ್ದೀವಿ. ನಿಮ್ಮನೇಲೂ ಹೀಗೆ ಯಾರಾದ್ರೂ ಇದ್ರೆ ಈ ವಾರ ಕೂತು ಕೇಳಿ. ತೂಕ ಇಳೀತಿದ್ರೆ, ನುಂಗೋಕೆ ಕಷ್ಟ ಆಗ್ತಿದ್ರೆ, ಮಲ ಕಪ್ಪಗಾಗಿದ್ರೆ ಮಾತ್ರ ಚೀಟಿ ಗೀಟಿ ಅಂತ ಕಾಯಬೇಡಿ, ಇವತ್ತೇ ಕರ್ಕೊಂಡು ಹೋಗಿ.

#ಅಜೀರ್ಣ #ಬರೀಗ್ಯಾಸ್ಟ್ರಿಕ್ಕಲ್ಲ